ರಿಪೋರ್ಟ್ ಎಲ್ಲಾ ನಾರ್ಮಲ್, ಸುಸ್ತು ಮಾತ್ರ ಹಾಗೇ ಇದೆ

ಸುಸ್ತು ಅಂತ ಡಾಕ್ಟರ್ ಹತ್ತಿರ ಹೋದರೆ ಮೊದಲು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಅದು ಸರಿಯೇ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಾಗಾಗಿ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12 ಎಲ್ಲಾ ನೋಡಲೇಬೇಕು. ಆದರೆ ಕೆಲವರಿಗೆ ಎಲ್ಲಾ ರಿಪೋರ್ಟೂ ನಾರ್ಮಲ್ ಬರುತ್ತದೆ. ಒಂದು ಟಾನಿಕ್, ಒಂದಿಷ್ಟು ವಿಟಮಿನ್ ಮಾತ್ರೆ, ಜೊತೆಗೆ 'ಟೆನ್ಷನ್ ಮಾಡ್ಕೋಬೇಡಿ' ಎಂಬ ಮಾತು. ಮನೆಗೆ ಬಂದ ಮೇಲೂ ಸುಸ್ತು ಹಾಗೇ ಇರುತ್ತದೆ. ಮೈಮುರಿದು ದುಡಿದಿರುವುದಿಲ್ಲ, ಆದರೂ ಸಂಜೆ ನಾಲ್ಕಕ್ಕೆ ತಲೆ ಖಾಲಿ.

ಇಂಥ ಸುಸ್ತಿನ ಹಿಂದೆ ಇರಬಹುದಾದ, ಆದರೆ ಅಷ್ಟಾಗಿ ಯಾರೂ ಕೇಳದ ಒಂದು ಕಾರಣ ದೊಡ್ಡವರ ಎಡಿಎಚ್‌ಡಿ. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ಅದನ್ನು ಕರೆಯುತ್ತಾರೆ. ಹೆಸರು ಕೇಳಿದ ಕೂಡಲೇ ಕಣ್ಣಿಗೆ ಬರುವುದು ಕ್ಲಾಸಿನಲ್ಲಿ ಬೆಂಚು ಹತ್ತಿ ಇಳಿಯುವ ಹುಡುಗ. ಅವನಿಗೂ ಸುಸ್ತಿಗೂ ಎತ್ತಣಿಂದೆತ್ತ ಸಂಬಂಧ ಅನ್ನಿಸುತ್ತದೆ, ಅಲ್ವಾ? ಸಂಶೋಧಕರಿಗೂ ಬಹಳ ಕಾಲ ಹಾಗೇ ಅನ್ನಿಸಿತ್ತು.

ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಆಮೇಲೆ ಹಲವು ದಶಕ ಇದು ಮಕ್ಕಳ ತೊಂದರೆ, ಮೀಸೆ ಬರುವ ಹೊತ್ತಿಗೆ ಹೋಗುತ್ತದೆ ಎಂದೇ ನಂಬಿದ್ದರು. ಅಮೆರಿಕದ ಮನೋವೈದ್ಯರ ಸಂಘ ರೋಗ ಪತ್ತೆಗೆ ಕೈಪಿಡಿಯೊಂದನ್ನು ಹೊರತರುತ್ತದೆ. ಅದರ 2013ರ ಐದನೇ ಆವೃತ್ತಿಯಲ್ಲಿ ದೊಡ್ಡವರಿಗೆ ಬೇರೆ ಅಳತೆ ಬಂತು. 17 ತುಂಬಿದವರಿಗೆ 9 ಲಕ್ಷಣಗಳಲ್ಲಿ 5 ಇದ್ದರೆ ಸಾಕು. ಮಕ್ಕಳಿಗೆ 6 ಬೇಕು. ಆದರೆ ಒಂದು ಷರತ್ತು ಉಂಟು: ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳಲ್ಲಿ 20 ದೇಶಗಳ ದೊಡ್ಡವರನ್ನು ನೋಡಿದಾಗ ಸರಾಸರಿ ಶೇ. 2.8 ಮಂದಿಯಲ್ಲಿ ಇದು ಕಂಡಿತು. ನಮ್ಮ ಕೊಡಗಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 5.54 ಲಕ್ಷ. ಅದರಲ್ಲಿ ದೊಡ್ಡವರು ನಾಲ್ಕು ಲಕ್ಷ ಎಂದಿಟ್ಟುಕೊಂಡರೂ ಹತ್ತು ಸಾವಿರ ದಾಟುತ್ತದೆ. ಇದು ನನ್ನ ಕೈಲೆಕ್ಕ, ಯಾರೂ ಎಣಿಸಿದ್ದಲ್ಲ. ಆದರೂ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಈ ಹೆಸರಿನ ಚೀಟಿ ಕೈಯಲ್ಲಿ ಹಿಡಿದಿರುವ ದೊಡ್ಡವರನ್ನು ನೀವು ಎಷ್ಟು ಜನ ನೋಡಿದ್ದೀರಿ?

ದೊಡ್ಡವರಾದ ಮೇಲೆ ಬೆಂಚು ಹತ್ತುವುದು ನಿಲ್ಲುತ್ತದೆ. ಚಡಪಡಿಕೆ ಒಳಗೆ ಹೋಗಿ ಕೂರುತ್ತದೆ. ಹೊರಗೆ ಸುಮ್ನೆ ಕುಳಿತಂತೆ ಕಾಣುವವರ ತಲೆಯೊಳಗೆ ನಾಲ್ಕು ವಿಷಯ ಒಟ್ಟಿಗೆ ಓಡುತ್ತಿರುತ್ತವೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಿಬಿಡೋಣ. ಇವರಿಗೆ ಗಮನವೇ ಇಲ್ಲ ಎಂದಲ್ಲ. ಇಷ್ಟವಾದ ಕೆಲಸದಲ್ಲಿ ಊಟ ಮರೆತು ಕೂರುತ್ತಾರೆ. ಬೇಕಾದಾಗ ಬೇಕಾದ ಕಡೆಗೆ ಗಮನ ತಿರುಗಿಸಿ, ಅಲ್ಲೇ ಹಿಡಿದು ನಿಲ್ಲಿಸುವುದು ಮಾತ್ರ ಕಷ್ಟ.

ಉದಾಹರಣೆಗೆ ಒಬ್ಬ ತೋಟದ ರೈಟರನ್ನು, ಅಂದರೆ ಕಾಫಿ ತೋಟದ ಹಾಜರಿ, ಲೆಕ್ಕ ನೋಡಿಕೊಳ್ಳುವವರನ್ನು, ಇಟ್ಟುಕೊಳ್ಳೋಣ. ಕಲ್ಪಿತ ವ್ಯಕ್ತಿ, ಆದರೆ ಇಂಥವರನ್ನು ನೀವು ಸಿದ್ದಾಪುರದ ಕಡೆಯೋ ಸೋಮವಾರಪೇಟೆ ಕಡೆಯೋ ನೋಡಿರಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಹಣ್ಣಿನ ತೂಕ, ಕಣದಲ್ಲಿ ಒಣಗಿಸಲು ಹಾಕಿದ ಕಾಫಿಯ ಮೇಲೆ ಒಂದು ಕಣ್ಣು, ಮಧ್ಯೆ ಲಾರಿ ಬಂತು, ಮೇಸ್ತ್ರಿ ಕರೆದ. ಇಡೀ ದಿನ ಓಡಾಟ. ರಾತ್ರಿ ಕಾಲು ನೋಯುತ್ತದೆ, ಆದರೆ ಮನಸ್ಸು ಹಗುರ. ಆಗ ಇವರಂಥ ರೈಟರ್ ಬೇರೆ ಇಲ್ಲ ಎಂದು ಸಾಹುಕಾರರೇ ಹೊಗಳುತ್ತಾರೆ. ಜುಲೈ ಬರುತ್ತದೆ. ಹೊರಗೆ ಧೋ ಎಂದು ಮಳೆ, ಒಳಗೆ ಚೆಕ್‌ರೋಲ್ ಎಂಬ ಆಳುಗಳ ಹಾಜರಿ-ಸಂಬಳದ ಪುಸ್ತಕ, ಪಿಎಫ್ ಲೆಕ್ಕ, ಗೊಬ್ಬರದ ಸ್ಟಾಕ್, ಕಂಪ್ಯೂಟರಿನಲ್ಲಿ ಎಂಟ್ರಿ. ಕುರ್ಚಿಯಿಂದ ಏಳುವಂತಿಲ್ಲ. ಒಂದೇ ಸಾಲನ್ನು ಮೂರು ಸಲ ಓದಬೇಕು. ಕೂಡಿದ ಮೊತ್ತದ ಮೇಲೆ ನಂಬಿಕೆ ಇಲ್ಲ, ಮತ್ತೆ ಕೂಡಬೇಕು. ಸಂಜೆ ಮನೆಗೆ ಹೋದವರು ಶೂ ಬಿಚ್ಚುವಷ್ಟು ತ್ರಾಣ ಇಲ್ಲದೆ ಕೂತುಬಿಡುತ್ತಾರೆ. ಮನೆಯವರಿಗೆ ಅರ್ಥವಾಗುವುದಿಲ್ಲ. 'ಕೊಯ್ಲಲ್ಲಿ ಅಷ್ಟು ಓಡಾಡಿದಾಗ ಇಲ್ಲದ ಸುಸ್ತು, ಕೂತು ಬರೆದಿದ್ದಕ್ಕಾ?'

ಆ ಪ್ರಶ್ನೆಗೆ ಉತ್ತರ: ಹೌದು, ಕೂತು ಬರೆದಿದ್ದಕ್ಕೇ.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಟ್ರೂಡಿ ಚಾಲ್ಡರ್ ದಣಿವನ್ನು ಅಳೆಯುವ ಕೆಲಸಕ್ಕೆ ಹೆಸರಾದವರು. 1993ರಲ್ಲಿ ಅವರೂ ಜೊತೆಗಾರರೂ ಮಾಡಿದ 11 ಪ್ರಶ್ನೆಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಮೈಯ ಸುಸ್ತು, ತಲೆಯ ಸುಸ್ತು ಎರಡನ್ನೂ ಅದು ಬೇರೆ ಬೇರೆಯಾಗಿ ಕೇಳುತ್ತದೆ. 2017ರಲ್ಲಿ ಅವರ ತಂಡ ಎಡಿಎಚ್‌ಡಿ ಇರುವ ದೊಡ್ಡವರನ್ನು ಎರಡು ಗುಂಪುಗಳ ಜೊತೆ ಹೋಲಿಸಿತು. ಒಂದು ಆರೋಗ್ಯವಂತರ ಗುಂಪು, ಇನ್ನೊಂದು ದೀರ್ಘಕಾಲದ ದಣಿವಿನ ಕಾಯಿಲೆ ಇರುವವರದು. ಎಡಿಎಚ್‌ಡಿ ಇದ್ದವರಲ್ಲಿ ಶೇ. 62 ಮಂದಿಯ ಸುಸ್ತು 'ಇದು ಸಾಮಾನ್ಯ ಸುಸ್ತಲ್ಲ' ಎನ್ನುವ ಗೆರೆ ದಾಟಿತ್ತು. ಅರ್ಧಕ್ಕಿಂತ ಜಾಸ್ತಿ ಜನ. ಹೀಗಿದ್ದರೂ ಎಡಿಎಚ್‌ಡಿ ಪತ್ತೆಗೆ ಕೇಳುವ ಲಕ್ಷಣಗಳ ಪಟ್ಟಿಯಲ್ಲಿ ಸುಸ್ತು ಎಂಬ ಸಾಲೇ ಇಲ್ಲ.

ಸ್ಪೇನಿನ ಸಂಶೋಧಕರು 2012ರಲ್ಲಿ ಇನ್ನೊಂದು ತುದಿಯಿಂದ ನೋಡಿದ್ದರು. ಅವರ ಬಳಿ ಇದ್ದದ್ದು ದೀರ್ಘಕಾಲದ ದಣಿವಿಗೆ ಚಿಕಿತ್ಸೆಗೆ ಬಂದ 158 ಮಂದಿ. ಅವರ ಬಾಲ್ಯವನ್ನು ಕೆದಕಿದರೆ 47 ಮಂದಿಗೆ ಚಿಕ್ಕಂದಿನಲ್ಲಿ ಎಡಿಎಚ್‌ಡಿ ಇತ್ತು, 33 ಮಂದಿಗೆ ಈಗಲೂ ಇತ್ತು. ಅಂದರೆ ಐವರಲ್ಲಿ ಒಬ್ಬರಿಗೆ. ಇವರೆಲ್ಲ ಆಸ್ಪತ್ರೆಗೆ ಬಂದವರು, ಊರಿನ ಸಾಮಾನ್ಯ ಜನರಲ್ಲ. ಹಾಗಾಗಿ ಈ ಅಂಕಿಗಳನ್ನು ಎಲ್ಲರಿಗೂ ಹಚ್ಚಬಾರದು. ಯಾವುದರಿಂದ ಯಾವುದು ಬಂತು ಎಂದೂ ಇವು ಹೇಳುವುದಿಲ್ಲ. ಎರಡೂ ಒಂದೇ ಮನೆಯಲ್ಲಿ ವಾಸ ಮಾಡುವುದು ಆಕಸ್ಮಿಕ ಅಲ್ಲ ಎನ್ನುವಷ್ಟನ್ನು ಮಾತ್ರ ಹೇಳುತ್ತವೆ.

ಹಾಗಾದರೆ ಸುಸ್ತು ಎಲ್ಲಿಂದ ಬರುತ್ತದೆ? ಮೊದಲ ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ವಾಯುಪಡೆಗೆ ಒಂದು ತಲೆನೋವಿತ್ತು. ರಾಡಾರ್ ಪರದೆ ನೋಡುತ್ತಾ ಕುಳಿತವರು ಕಣ್ಣೆದುರಿಗೆ ಬಂದ ಗುರುತನ್ನೂ ಬಿಟ್ಟುಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಒಂದು ಗಡಿಯಾರ ಮಾಡಿಸಿದರು. ಮುಳ್ಳು ಪ್ರತಿ ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ. ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಜಿಗಿದಾಗ ಗುಂಡಿ ಒತ್ತಬೇಕು. ಎರಡು ಗಂಟೆ ಇಷ್ಟೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ತಪ್ಪಲು ಶುರುಮಾಡಿದರು. 1948ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿದ್ದವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಏನೂ ನಡೆಯದ ಕಡೆ ಗಮನ ಇಟ್ಟು ಕೂರುವುದು ಯಾರಿಗಾದರೂ ದಣಿವೇ.

ಇದೇ ಜಾತಿಯ ಪರೀಕ್ಷೆಗಳನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಎಡಿಎಚ್‌ಡಿ ಇದ್ದವರಲ್ಲಿ ಮತ್ತೆ ಮತ್ತೆ ಕಂಡುಬರುವ ಒಂದು ಸಂಗತಿ ಇದೆ. ಅವರು ಎಲ್ಲ ಸಲವೂ ನಿಧಾನ ಅಲ್ಲ. ಹತ್ತು ಸಲ ಚುರುಕಾಗಿ ಗುಂಡಿ ಒತ್ತುತ್ತಾರೆ, ಹನ್ನೊಂದನೆಯದಕ್ಕೆ ಎಲ್ಲೋ ಹೋಗಿಬಿಡುತ್ತಾರೆ, ಹನ್ನೆರಡಕ್ಕೆ ವಾಪಸ್. ಈ ಏರಿಳಿತ ಅವರಲ್ಲಿ ಜಾಸ್ತಿ. ಹನ್ನೊಂದನೆಯ ಸಲ ತಲೆಯಲ್ಲಿ ಏನಾಯಿತು ಎಂಬುದೇ ಕುತೂಹಲದ ಪ್ರಶ್ನೆ.

2011ರಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗ ಇದಕ್ಕೆ ಸುಳಿವು ಕೊಟ್ಟಿತು. ಬಹಳ ಹೊತ್ತು ಎಚ್ಚರ ಇಟ್ಟ ಇಲಿಗಳು ಕಣ್ಣು ಬಿಟ್ಟು ಓಡಾಡುತ್ತಿರುವಾಗಲೇ ಮಿದುಳಿನ ಒಂದೊಂದು ಮೂಲೆಯ ನರಕೋಶಗಳು ಕ್ಷಣಕಾಲ ಆಫ್ ಆಗುತ್ತಿದ್ದವು, ಗಾಢ ನಿದ್ದೆಯಲ್ಲಿ ಆಗುವಂತೆಯೇ. ಆ ಕ್ಷಣಕ್ಕೆ ಸಕ್ಕರೆ ಉಂಡೆಗೆ ಕೈ ಚಾಚಿದರೆ ಗುರಿ ತಪ್ಪುತ್ತಿತ್ತು. ಇಡೀ ಪ್ರಾಣಿ ಎಚ್ಚರ, ಮಿದುಳಿನ ಒಂದು ಚೂರು ಮಾತ್ರ ನಿದ್ದೆ. ಥಾಮಸ್ ಆಂಡ್ರಿಯಾನ್ ಎಂಬ ಸಂಶೋಧಕ ಮತ್ತು ಸಂಗಡಿಗರು 2021ರಲ್ಲಿ ಆರೋಗ್ಯವಂತ ಮನುಷ್ಯರಲ್ಲೂ ಇದನ್ನೇ ಹುಡುಕಿದರು. ಬೇಜಾರು ಹಿಡಿಸುವ ಕೆಲಸ ಕೊಟ್ಟು ತಲೆಯ ಮೇಲೆ ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ತಂತಿ ಇಟ್ಟರು. ನಿದ್ದೆಯ ಅಲೆಗಳಂಥ ನಿಧಾನ ಅಲೆಗಳು ಎಚ್ಚರದಲ್ಲೇ ಏಳುತ್ತಿದ್ದವು. ಮಿದುಳಿನ ಮುಂಭಾಗದಲ್ಲಿ ಎದ್ದರೆ ಆತುರದ ತಪ್ಪು, ಹಿಂಭಾಗದಲ್ಲಿ ಎದ್ದರೆ ಮಂಕು ಕವಿದಂಥ ನಿಧಾನ. ಆತುರ ಮತ್ತು ಮಂಕು, ಎಡಿಎಚ್‌ಡಿಯ ಎರಡು ಮುಖಗಳೂ ಇವೇ ಅಲ್ವಾ? ಹಾಗಾಗಿಯೇ ಈ ದಾರಿಯಲ್ಲಿ ಸಂಶೋಧಕರ ಆಸಕ್ತಿ ಬೆಳೆದಿದೆ. ದಣಿವು ಎಂಬುದು ಗಮನ ತಪ್ಪಿದ ಮೇಲೆ ಬರುವ ಬಿಲ್ ಮಾತ್ರ ಅಲ್ಲ, ಗಮನ ತಪ್ಪುವ ಕ್ಷಣದೊಳಗೇ ಅದು ಇರಬಹುದು ಎಂಬ ಯೋಚನೆ ನನಗಂತೂ ಬಹಳ ಹಿಡಿಸಿತು.

ಎರಡನೇ ಕಾರಣ ಸರಿದೂಗಿಸುವ ದುಡಿಮೆ. ನಮ್ಮ ರೈಟರ್ ತಪ್ಪು ಮಾಡುತ್ತಾರೆ ಎಂದು ಅವರಿಗೇ ಗೊತ್ತು. ಅದಕ್ಕೇ ಮೂರು ಸಲ ಕೂಡುತ್ತಾರೆ. ಬೀಗದ ಕೈ, ಮೊಬೈಲ್, ರಸೀದಿ ಬುಕ್ಕು ಎಂದು ಹತ್ತು ಸಲ ಕಿಸೆ ಮುಟ್ಟಿ ನೋಡುತ್ತಾರೆ. ಮೀಟಿಂಗಿನಲ್ಲಿ ಕಾಲು ಅಲ್ಲಾಡಿಸದಂತೆ ಹಿಡಿದು ಕೂರುತ್ತಾರೆ. ಯಾರೋ ಮಾತಾಡುವಾಗ ನಡುವೆ ಬಾಯಿ ಹಾಕದಂತೆ ತುಟಿ ಕಚ್ಚುತ್ತಾರೆ. ಮಿಕ್ಕವರಿಗೆ ತಾನಾಗಿ ಆಗುವ ಇದೆಲ್ಲವನ್ನೂ ಇವರು ಬೇಕೆಂದೇ ಮಾಡಬೇಕು. ಸಂಪಾಜೆ ಘಾಟಿಯನ್ನು ಇಡೀ ದಿನ ಎರಡನೇ ಗೇರಿನಲ್ಲಿ ಹತ್ತುತ್ತಲೇ ಇದ್ದ ಹಾಗೆ. ಗಾಡಿ ಊರು ಮುಟ್ಟುತ್ತದೆ, ಡೀಸೆಲ್ ಖರ್ಚು ಯಾರಿಗೂ ಕಾಣುವುದಿಲ್ಲ. ಹೆಂಗಸರಲ್ಲಿ ಈ ಮುಚ್ಚಿಡುವ ಕೆಲಸ ಇನ್ನೂ ಜಾಸ್ತಿ. ಮನೆ ಅಚ್ಚುಕಟ್ಟಾಗಿರಬೇಕು, ನೆಂಟರ ಮದುವೆ ದಿನ ನೆನಪಿರಬೇಕು, ಮಕ್ಕಳ ಫೀಸ್ ಕಟ್ಟುವ ತಾರೀಖು ತಪ್ಪಬಾರದು. ಚಿಕ್ಕಂದಿನಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತಿದ್ದ ಹುಡುಗಿಯನ್ನು ಯಾವ ಟೀಚರೂ ಡಾಕ್ಟರ ಹತ್ತಿರ ಕಳಿಸುವುದಿಲ್ಲ. ಅವಳು 35ರಲ್ಲಿ ಸುಸ್ತು ಎಂದು ಹೋಗುತ್ತಾಳೆ.

ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಮೊಬೈಲಿನಲ್ಲಿ ಬೇಕಾದಷ್ಟು ಉತ್ಪ್ರೇಕ್ಷೆ ಓಡಾಡುತ್ತಿದೆ. ಅಮೆರಿಕದ ಸಂಶೋಧಕಿ ನೋರಾ ವೋಲ್ಕೋವ್ ಅವರ ತಂಡ 2009ರಲ್ಲಿ ಔಷಧಿ ತೆಗೆದುಕೊಳ್ಳದ 53 ಮಂದಿ ಎಡಿಎಚ್‌ಡಿ ದೊಡ್ಡವರ ಮಿದುಳನ್ನು 44 ಮಂದಿ ಇತರರ ಜೊತೆ ಹೋಲಿಸಿತು. 'ಇದು ಮಾಡಲು ಯೋಗ್ಯ' ಎಂಬ ಹುರುಪು ಹುಟ್ಟಿಸುವ ಜಾಗಗಳಲ್ಲಿ ಡೋಪಮಿನ್‌ಗೆ ಸಂಬಂಧಿಸಿದ ಗುರುತುಗಳು ಕಡಿಮೆ ಇದ್ದವು. ಬೇಜಾರಿನ ಕೆಲಸ ಅವರಿಗೆ ಇನ್ನಷ್ಟು ಭಾರ ಎನ್ನಿಸಲು ಇದು ಒಂದು ಕಾರಣ ಇರಬಹುದು.

ಇಷ್ಟಕ್ಕೂ ತಲೆಯ ದಣಿವು ಎಂದರೇನು? ಇದರಲ್ಲಿ ವಿಜ್ಞಾನಿಗಳೇ ಒಮ್ಮತಕ್ಕೆ ಬಂದಿಲ್ಲ. ಮನೋಬಲ ಎಂಬುದು ಟ್ಯಾಂಕಿನ ನೀರಿನಂತೆ, ಬಳಸಿದಷ್ಟೂ ಖಾಲಿ ಎಂಬ ವಾದ 1998ರಿಂದ ಜನಪ್ರಿಯ ಆಗಿತ್ತು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. ಇನ್ನೊಂದು ವಾದ 2013ರದು: ದಣಿವು ಒಂದು ಸೂಚನೆ, 'ಈ ಕೆಲಸ ಬಿಟ್ಟು ಬೇರೆ ಮಾಡಿದರೆ ಲಾಭ ಇದೆ' ಎಂದು ಮಿದುಳು ಕೊಡುವ ಗಂಟೆ. ಆಮೇಲೆ 2022ರಲ್ಲಿ ಪ್ಯಾರಿಸಿನ ತಂಡವೊಂದು ಆರು ಗಂಟೆಗೂ ಹೆಚ್ಚು ಹೊತ್ತು ಜನರ ತಲೆಗೆ ಕೆಲಸ ಕೊಟ್ಟಿತು. ಕಷ್ಟದ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಜಮಾ ಆಗಿತ್ತು, ಸುಲಭದ ಕೆಲಸ ಮಾಡಿದವರಲ್ಲಿ ಹಾಗಾಗಿರಲಿಲ್ಲ. ದಣಿದವರು ಕಾದರೆ ಸಿಗುವ ದೊಡ್ಡ ಮೊತ್ತ ಬಿಟ್ಟು ಈಗಲೇ ಸಿಗುವ ಸಣ್ಣ ಮೊತ್ತದ ಕಡೆ ವಾಲಿದರು. ಆ ಪ್ರಯೋಗ ಎಡಿಎಚ್‌ಡಿ ಬಗ್ಗೆ ಅಲ್ಲ. ಆದರೂ ತಲೆಯ ಸುಸ್ತು ಸೋಮಾರಿತನದ ನೆಪ ಎನ್ನುವವರಿಗೆ ತೋರಿಸಲು ಚೆನ್ನಾಗಿದೆ.

ಮೂರನೇ ಕಾರಣ ನಿದ್ದೆಯ ಗಡಿಯಾರ. ಕತ್ತಲಾದ ಮೇಲೆ ಮಿದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಮೈ ನಿದ್ದೆಗೆ ಸಜ್ಜಾಗುತ್ತದೆ. ನಿದ್ದೆ ಬರಲು ಒದ್ದಾಡುವ ಎಡಿಎಚ್‌ಡಿ ದೊಡ್ಡವರಲ್ಲಿ ಅದು ಒಂದು ಗಂಟೆಗೂ ಹೆಚ್ಚು ತಡವಾಗಿ ಶುರುವಾಗುತ್ತದೆ ಎಂದು ನೆದರ್ಲೆಂಡ್ಸಿನ ಸಂಶೋಧಕರು 2010ರಲ್ಲಿ ತೋರಿಸಿದರು. ಎಲ್ಲರೂ ಹತ್ತಕ್ಕೆ ಮಲಗಿದರೆ ಇವರಿಗೆ ಆಗಷ್ಟೇ ತಲೆ ಚುರುಕು. ಬೆಳಿಗ್ಗೆ ಏಳೂವರೆಯ ಹಾಜರಿಯೇನೂ ಮುಂದಕ್ಕೆ ಹೋಗುವುದಿಲ್ಲ. ವರ್ಷಗಟ್ಟಲೆ ದಿನಕ್ಕೊಂದು ಗಂಟೆ ನಿದ್ದೆ ಸಾಲ.

ಈ ಸಾಲ ತೀರಿಸಲು ಕೊಡಗಿನಲ್ಲಿ ನಮ್ಮ ಕೈಗೆ ಮೊದಲು ಸಿಗುವುದು ಯಾವುದು ಹೇಳಬೇಕಾಗಿಲ್ಲ. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಈ ಪುಟ್ಟ ಜಿಲ್ಲೆಯದು, ಅದರಲ್ಲೂ ಹೆಚ್ಚಿನದು ರೊಬಸ್ಟಾ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು. ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಹೆಚ್ಚುತ್ತದೆ. ಕೆಫೀನ್ ಅದನ್ನು ತೆಗೆದುಹಾಕುವುದಿಲ್ಲ, ಅದು ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ ಅಷ್ಟೇ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಹೆಚ್ಚಿನವರಿಗೆ ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗಲೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಹೋಯಿತು ಎಂದು 2013ರ ಅಧ್ಯಯನವೊಂದು ಕಂಡಿದೆ. ಅದು ದೊಡ್ಡ ಪ್ರಮಾಣವೇ. ಆದರೂ ಮಳೆಗಾಲದ ಸಂಜೆ ಬೆಲ್ಲದ ಕಾಫಿಯ ಲೋಟ ಎಷ್ಟು ಸಲ ತುಂಬುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ಕಾಫಿ ಬಿಡಿ ಎಂದು ಕೊಡಗಿನವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ಮಧ್ಯಾಹ್ನ ಎರಡರ ಮೇಲೆ ಬೇಡ ಎಂದಷ್ಟೇ ಹೇಳಬಲ್ಲೆ.

ಇಷ್ಟು ಓದಿ 'ಇದು ನಂದೇ ಕಥೆ' ಅನ್ನಿಸಿತೇ? ಸ್ವಲ್ಪ ತಾಳಿ.

ಎಡಿಎಚ್‌ಡಿ ಸುಸ್ತು ತರುವಂತೆ, ಸುಸ್ತು ಎಡಿಎಚ್‌ಡಿಯ ವೇಷ ಹಾಕಬಲ್ಲದು. ನಿದ್ದೆಗೆಟ್ಟ ಯಾರೇ ಆಗಲಿ ಮರೆಯುತ್ತಾರೆ, ಸಿಡುಕುತ್ತಾರೆ, ಅರ್ಧಕ್ಕೆ ಕೆಲಸ ಬಿಡುತ್ತಾರೆ. ಗೊರಕೆ ಹೊಡೆಯುತ್ತಾ ರಾತ್ರಿ ಉಸಿರುಗಟ್ಟಿ ಎಚ್ಚರಾಗುವ ಸ್ಲೀಪ್ ಅಪ್ನಿಯ ಇದ್ದವರು, ಥೈರಾಯ್ಡ್ ಕಡಿಮೆ ಇದ್ದವರು, ಖಿನ್ನತೆ ಇದ್ದವರು, ಕೈಗೂಸಿನ ತಾಯಂದಿರು, ಎಲ್ಲರಿಗೂ ಇದೇ ಲಕ್ಷಣ. ನಮ್ಮಲ್ಲಿ ಮದ್ಯದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಕೇಳಬೇಕು. ರಾತ್ರಿ ಎರಡು ಪೆಗ್ ಬೇಗ ನಿದ್ದೆ ಬರಿಸುತ್ತದೆ, ನಡುರಾತ್ರಿಯ ನಂತರದ ನಿದ್ದೆಯನ್ನು ಕೆಡಿಸುತ್ತದೆ. ವಾರಗಟ್ಟಲೆ ಬಿಸಿಲು ಕಾಣದ ಜುಲೈ, ಆಗಸ್ಟ್‌ನಲ್ಲಿ ಮಾತ್ರ ಮಂಕು ಬಡಿದು, ಉಳಿದ ಹತ್ತು ತಿಂಗಳು ಚೆನ್ನಾಗಿದ್ದರೆ ಅದು ಬೇರೆ ಕಥೆ.

ಇಲ್ಲೇ ಆ 12 ವರ್ಷದ ಷರತ್ತು ಬೇಕಾಗುವುದು. ಎಡಿಎಚ್‌ಡಿ ನಿನ್ನೆ ಮೊನ್ನೆ ಶುರುವಾಗುವುದಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಅದರಲ್ಲಿ ಅನುವಂಶದ ಪಾಲೇ ಸುಮಾರು ಶೇ. 74. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಜನರನ್ನು ನೋಡಿ, ದೊಡ್ಡವರಾದ ಮೇಲೆ ಲಕ್ಷಣ ಇರುವ ಹೆಚ್ಚಿನವರಿಗೆ ಬಾಲ್ಯದಲ್ಲಿ ಅದು ಇರಲೇ ಇಲ್ಲ ಎಂದು 2015ರಲ್ಲಿ ವರದಿ ಬಂದಾಗ ದೊಡ್ಡ ಚರ್ಚೆಯೇ ಆಯಿತು. 2018ರಲ್ಲಿ ಅಮೆರಿಕದ ಮಾರ್ಗರೆಟ್ ಸಿಬ್ಲಿ ತಂಡ ಇಂಥ 'ತಡವಾಗಿ ಬಂದ' ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿತು. ಸುಮಾರು ಶೇ. 95 ಬಿದ್ದುಹೋದವು. ಕೆಲವಕ್ಕೆ ಮಾದಕ ವಸ್ತು ಕಾರಣ, ಕೆಲವಕ್ಕೆ ಬೇರೆ ಮಾನಸಿಕ ತೊಂದರೆ, ಕೆಲವರ ಲಕ್ಷಣ ಬದುಕಿಗೆ ಅಡ್ಡಿಯಾಗುವಷ್ಟು ಇರಲೇ ಇಲ್ಲ. ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ ತೀರ್ಮಾನಕ್ಕೆ ಬರುವವರು ಈ ಒಂದು ಅಂಕಿಯನ್ನಾದರೂ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯ 6 ಪ್ರಶ್ನೆಗಳ ಪಟ್ಟಿಯೊಂದಿದೆ, 2005ರದು. ನೆಟ್ಟಿನಲ್ಲಿ ಸಿಗುತ್ತದೆ. ಅದರಲ್ಲಿ 4 ಬಂದರೆ 'ಡಾಕ್ಟರಿಗೆ ತೋರಿಸಿ' ಎಂದು ಅರ್ಥ, 'ಕಾಯಿಲೆ ಇದೆ' ಎಂದಲ್ಲ.

ನಿಜವಾಗಿ ಇದ್ದರೆ ದಾರಿಗಳಿವೆ. ಮಿಥೈಲ್‌ಫೆನಿಡೇಟ್ ಎಂಬ ಔಷಧಿ ಗಮನ ಹಿಡಿಯುವ ಶ್ರಮವನ್ನು ಕಡಿಮೆ ಮಾಡುತ್ತದೆ. ನಮ್ಮಲ್ಲಿ ಇದು ಮಾದಕ ವಸ್ತು ಕಾಯ್ದೆಯ ಹತೋಟಿಯಲ್ಲಿದೆ. ಹಾಗಾಗಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ, ಚೀಟಿ ಇಲ್ಲದೆ ಸಿಗಲೂಬಾರದು. ಬೇಗ ಕರಗುವ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯಷ್ಟು. ಇಳಿಯುವಾಗ ಕೆಲವರಿಗೆ ಸುಸ್ತು ಒಮ್ಮೆಲೇ ಬಂದು ಕವಿಯುತ್ತದೆ. ಆಟಮಾಕ್ಸೆಟಿನ್ ಎಂಬ ಇನ್ನೊಂದು ಔಷಧಿಗೆ ಮಂಪರು, ಸುಸ್ತು ಅಡ್ಡಪರಿಣಾಮಗಳ ಪಟ್ಟಿಯಲ್ಲೇ ಇವೆ. ಸುಸ್ತೇ ನಿಮ್ಮ ಮುಖ್ಯ ದೂರಾದರೆ ಇದನ್ನು ಡಾಕ್ಟರಿಗೆ ಮೊದಲೇ ಹೇಳಿ. ದೊಡ್ಡವರ ಎಡಿಎಚ್‌ಡಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಯೂ ಇದೆ. ಕೆಲಸವನ್ನು ತುಂಡು ಮಾಡುವುದು, ನೆನಪನ್ನು ಕಾಗದಕ್ಕೆ ದಾಟಿಸುವುದು, 'ನಾನು ಸೋಮಾರಿ' ಎಂಬ ಮಾತನ್ನು ತಲೆಯಿಂದ ಇಳಿಸುವುದು ಅದರಲ್ಲಿ ಬರುತ್ತವೆ.

ಗಡಿಯಾರ ಸರಿಮಾಡುವುದೂ ಚಿಕಿತ್ಸೆಯೇ. 2020ರ ಡಚ್ ಪ್ರಯೋಗದಲ್ಲಿ ರಾತ್ರಿ ಬರೀ 0.5 ಮಿಲಿಗ್ರಾಂ ಮೆಲಟೋನಿನ್ ತೆಗೆದುಕೊಂಡವರ ನಿದ್ದೆಯ ಗಡಿಯಾರ ಸುಮಾರು ಒಂದೂವರೆ ಗಂಟೆ ಹಿಂದಕ್ಕೆ ಬಂತು, ಎಡಿಎಚ್‌ಡಿ ಲಕ್ಷಣ ಶೇ. 14 ತಗ್ಗಿತು. ಮಾತ್ರೆ ನಿಲ್ಲಿಸಿದ ಮೇಲೆ ಗಡಿಯಾರ ಹಳೆಯ ಜಾಗಕ್ಕೆ ಹೋಯಿತು. ಬೆಳಿಗ್ಗೆ ಎದ್ದ ಕೂಡಲೇ ಬೆಳಕಿಗೆ ಬರುವುದೂ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ. ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ಕೇಳಬಹುದು. ಮೋಡ ಕವಿದಿದ್ದರೂ ಜಗಲಿಯ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಜಾಸ್ತಿ. ಕಾಫಿ ಲೋಟವನ್ನು ಅಲ್ಲಿಗೆ ಒಯ್ದರಾಯಿತು. ಮತ್ತೆ ನಮ್ಮ ರೈಟರಿಗೆ ಯಾವ ಮಾತ್ರೆಗಿಂತ ಮೊದಲು ಬೇಕಾದದ್ದು, ಲೆಕ್ಕದ ಕೆಲಸ ಇಡೀ ದಿನ ಒಟ್ಟಿಗೆ ಇಟ್ಟುಕೊಳ್ಳದೆ ನಡುನಡುವೆ ಗೋಡೌನಿಗೋ ನರ್ಸರಿಗೋ ಒಂದು ಸುತ್ತು ಹಾಕಿ ಬರುವ ಅನುಮತಿ. ಸಾಹುಕಾರರಿಗೆ ಇದರಿಂದ ಖರ್ಚೇನೂ ಇಲ್ಲ.

ತೋರಿಸುವುದೆಲ್ಲಿ? ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಮನೋವೈದ್ಯರನ್ನು ಅಲ್ಲೇ ಕೇಳಿ. ಹೋಗಲು ಹಿಂಜರಿಕೆ ಇದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದೊಡ್ಡವರ ಎಡಿಎಚ್‌ಡಿಯ ವಿವರವಾದ ಪರೀಕ್ಷೆಗೆ ಕೆಲವೊಮ್ಮೆ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕಾಗಬಹುದು. ಹೋಗುವಾಗ ರಕ್ತ ಪರೀಕ್ಷೆಯ ರಿಪೋರ್ಟಿನ ಜೊತೆ ಎರಡು ವಾರದ ನಿದ್ದೆಯ ಲೆಕ್ಕ ಬರೆದುಕೊಂಡು ಹೋಗಿ: ಎಷ್ಟಕ್ಕೆ ಮಲಗಿದ್ದು, ಎಷ್ಟಕ್ಕೆ ಎದ್ದದ್ದು, ಎಷ್ಟು ಕಾಫಿ, ಎಷ್ಟು ಪೆಗ್. ಪ್ರೈಮರಿ ಸ್ಕೂಲಿನ ಮಾರ್ಕ್ಸ್ ಕಾರ್ಡ್ ಸಿಕ್ಕಿದರೆ ಅದನ್ನೂ ಇಟ್ಟುಕೊಳ್ಳಿ, ಟೀಚರ್ ಬರೆದ ಷರಾ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಅಮ್ಮನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ. ನೀವು ಎಂಟು ವರ್ಷದಲ್ಲಿ ಹೇಗಿದ್ದಿರಿ ಎಂದು ಡಾಕ್ಟರ್ ಕೇಳಿದಾಗ ನಿಮಗಿಂತ ಚೆನ್ನಾಗಿ ಅವರು ಹೇಳುತ್ತಾರೆ.